ಮಳೆ ನಿಂತ ಮೇಲೂ ಗುಡ್ಡ ಜಾರಬಹುದೇ?

(ಗುಡ್ಡದ ಬುಡದಲ್ಲಿ ವಾಸಿಸುವ ಓದುಗರೊಬ್ಬರು ಬರೆದ ಪತ್ರದ ಸಾರ: "ನಮ್ಮ ಮನೆಗಳ ಮೇಲಿನ ಇಳಿಜಾರಿನಲ್ಲಿ ಅಡ್ಡಲಾಗಿ ಉದ್ದನೆಯ ಬಿರುಕು ಕಾಣಿಸಿಕೊಂಡಿದೆ. ಅದರ ಮೇಲ್ಭಾಗದಲ್ಲಿ ನಾವು ಬೇಸಿಗೆಯಲ್ಲಿ ಇಂಗುಗುಂಡಿಗಳನ್ನು ತೋಡಿದ್ದೆವು. ಮಳೆ ನಿಂತು ಎರಡು ದಿನವಾಯಿತು, ಇನ್ನು ಭಯವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಜಾಗವನ್ನೇ ಬಿಡಬೇಕು ಎನ್ನುವವರೂ ಇದ್ದಾರೆ. ಯಾರ ಮಾತು ಸರಿ?")

ಮಾನ್ಯರೇ,

ನೀವು ಇದನ್ನು ಓದುವ ಹೊತ್ತಿಗೆ ಬಿರುಕು ಮತ್ತಷ್ಟು ಅಗಲವಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮನೆಮಂದಿಯೊಂದಿಗೆ ಅಲ್ಲಿಂದ ಹೊರಡಿ. ಉಳಿದದ್ದನ್ನು ಸುರಕ್ಷಿತ ಜಾಗದಲ್ಲಿ ಕುಳಿತು ಓದಬಹುದು. ನೀವು ತಿಳಿಸಿರುವ ಮೂರು ಅಭಿಪ್ರಾಯಗಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಮೊದಲನೆಯದು, ಅಂದರೆ ಮಳೆ ನಿಂತಿತು, ಇನ್ನು ಭಯವಿಲ್ಲ ಎಂಬುದು.

ಇಳಿಜಾರಿನ ಮಣ್ಣು ನಿಂತಲ್ಲೇ ನಿಲ್ಲುವುದು ಮುಖ್ಯವಾಗಿ ಅದರ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಂಡಾಗ ಆ ನೀರು ಕಣಗಳನ್ನು ಪರಸ್ಪರ ದೂರ ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ, ಅಲ್ಲಿಯವರೆಗೆ ತಡೆದುಕೊಂಡಿದ್ದ ಭಾರವನ್ನೇ ಮಣ್ಣು ತಡೆಯಲಾರದಂತಾಗುತ್ತದೆ. ಭಾರ, ಒತ್ತಡಗಳಿಗೆ ಮಣ್ಣು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಭ್ಯಸಿಸುವ ಶಾಸ್ತ್ರಕ್ಕೆ ತಳಹದಿ ಹಾಕಿದ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ವಿವರಿಸಿದ ತತ್ವವಿದು. ನೆನೆದ ಮಣ್ಣು ಭಾರವಾಗಿ ಬೀಳುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯಲ್ಲಿ ಅರ್ಧ ಸತ್ಯ ಮಾತ್ರವಿದೆ. ಭಾರಕ್ಕಿಂತ ಒಳಗಿನ ಒತ್ತಡವೇ ಹೆಚ್ಚು ಕೆಡಿಸುತ್ತದೆ. ಈ ನೀರು ಆಳಕ್ಕೆ ಇಳಿಯುವುದು ನಿಧಾನವಾಗಿ. ಮೇಲೆ ಬಿಸಿಲು ಬಿದ್ದು ಅಂಗಳ ಒಣಗಿದ್ದರೂ ಹತ್ತಿಪ್ಪತ್ತು ಅಡಿ ಕೆಳಗೆ ಒತ್ತಡ ಇನ್ನೂ ಏರುತ್ತಿರಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊ ಎಂಬಲ್ಲಿ 2014ರ ಮಾರ್ಚ್ 22ರಂದು ಗುಡ್ಡ ಜಾರಿ 43 ಮಂದಿ ಸತ್ತರು. ಅದಕ್ಕೆ ಮುಂಚಿನ ವಾರಗಳಲ್ಲಿ ಮಳೆ ಜೋರಾಗಿ ಸುರಿದಿತ್ತು, ಆದರೆ ಗುಡ್ಡ ಜಾರಿದ ಆ ಬೆಳಿಗ್ಗೆ ಮಳೆ ಇರಲಿಲ್ಲ. ಅದೇ ಇಳಿಜಾರು 2006ರಲ್ಲೂ ಜಾರಿತ್ತು ಎಂಬುದನ್ನೂ ಗಮನಿಸಿ: ಒಮ್ಮೆ ಜಾರಿದ ಜಾಗ ಮತ್ತೆ ಜಾರುವ ಸಂಭವ ಹೆಚ್ಚು.

ಗಿಡ ನೆಡುವ ವಿಚಾರವನ್ನು ನಾನು ತಳ್ಳಿಹಾಕುವುದಿಲ್ಲ. ಬೇರುಗಳು ಮೇಲ್ಪದರದ ಒಂದೆರಡು ಮೀಟರ್ ಮಣ್ಣನ್ನು ಚೆನ್ನಾಗಿಯೇ ಹಿಡಿದಿಡುತ್ತವೆ. ಮರ ಕಡಿದ ಕೆಲವು ವರ್ಷಗಳಲ್ಲಿ ಹಳೆಯ ಬೇರುಗಳು ಕೊಳೆತು ಆ ಹಿಡಿತ ತಪ್ಪುತ್ತದೆ. ಆದರೆ ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರಗಳೂ ಮಣ್ಣಿನ ಜೊತೆಗೇ, ನಿಂತ ಭಂಗಿಯಲ್ಲೇ, ಕೆಳಗೆ ಬರುತ್ತವೆ. ಇಂದು ನೆಟ್ಟ ಸಸಿ ಈ ಮಳೆಗಾಲದ ಬಿರುಕಿಗಂತೂ ಮದ್ದಲ್ಲ.

ಇನ್ನು ಬಿರುಕಿನ ಮಾತು. ಬಿರುಕಿನ ಆಚೆಗೊಂದು ಈಚೆಗೊಂದು ಗೂಟವನ್ನು ಗಟ್ಟಿಯಾಗಿ ಹೊಡೆದು, ಎರಡರ ತಲೆಯ ಮೇಲೂ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಟೇಪು ಹಿಡಿದು ದಿನಕ್ಕೆ ಎರಡು ಸಲ ಒಂದೇ ಹೊತ್ತಿಗೆ ಅಳೆಯಿರಿ. ದಿನಾಂಕ ಮತ್ತು ಗಂಟೆಯ ಸಮೇತ ಪುಸ್ತಕದಲ್ಲಿ ಬರೆದಿಡಿ. ಮೂರು ದಿನ ಒಂದೊಂದೇ ಮಿಲಿಮೀಟರ್ ಸರಿದ ಗೂಟ ನಾಲ್ಕನೆಯ ದಿನ ನಾಲ್ಕು, ಐದನೆಯ ದಿನ ಹತ್ತು ಮಿಲಿಮೀಟರ್ ಸರಿದರೆ ಅದು ಓಡಬೇಕಾದ ಲೆಕ್ಕ. ಬಿರುಕು ಎಷ್ಟು ಅಗಲವಾಗಿದೆ ಎನ್ನುವುದಕ್ಕಿಂತ ಸರಿಯುವ ವೇಗ ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೇ ಎನ್ನುವುದು ಮುಖ್ಯ. ಅಳೆಯುವವರು ಒಬ್ಬರೇ ಹೋಗಬಾರದು. ಮಳೆ ಸುರಿಯುವಾಗ ಮತ್ತು ಕತ್ತಲಲ್ಲಿ ಯಾರೂ ಹೋಗಬಾರದು.

ಅಳತೆಯೊಂದರಿಂದಲೇ ಜೀವ ಉಳಿಯುವುದಿಲ್ಲ ಎಂಬುದಕ್ಕೆ ಇಟಲಿಯ ವಾಯೋಂಟ್ ಅಣೆಕಟ್ಟಿಗಿಂತ ಕಹಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಅಲ್ಲಿ ಜಲಾಶಯದ ಪಕ್ಕದ ಬೆಟ್ಟದಲ್ಲಿ 1960ರಲ್ಲೇ ಸುಮಾರು 2 ಕಿಲೋಮೀಟರ್ ಉದ್ದದ ಬಿರುಕು ಬಿಟ್ಟಿತ್ತು. ಮೂರು ವರ್ಷ ಬೆಟ್ಟದ ಚಲನೆಯನ್ನು ಅಳೆಯುತ್ತಲೇ ಇದ್ದರು. ನೀರಿನ ಮಟ್ಟವನ್ನು ಏರಿಳಿಸಿ ಅದನ್ನು ಹತೋಟಿಯಲ್ಲಿಡಬಹುದೆಂದು ನಂಬಿದ್ದರು. ಕೊನೆಯ ದಿನಗಳಲ್ಲಿ ವೇಗ ಏರುತ್ತಿದ್ದುದು ಅಳತೆಯಲ್ಲಿ ಕಾಣುತ್ತಿತ್ತು. 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬಂಡೆಮಣ್ಣು ಜಲಾಶಯಕ್ಕೆ ಜಾರಿತು. ಅಣೆಕಟ್ಟು ಉಳಿಯಿತು, ಅದನ್ನು ದಾಟಿ ಚಿಮ್ಮಿದ ನೀರಿಗೆ ಕೆಳಗಿನ ಕಣಿವೆಯ ಸುಮಾರು 2,000 ಜನ ಬಲಿಯಾದರು. ಅಂಕಿಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಯಾವ ಅಂಕಿಗೆ ಜನರನ್ನು ಎಬ್ಬಿಸಿ ಕಳಿಸಬೇಕು ಎಂಬುದು ತೀರ್ಮಾನವಾಗಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಆಗಬೇಕಾದ ಮೊದಲ ಕೆಲಸ, ಬಿಸಿಲಿರುವ ಒಂದು ದಿನ ಎಲ್ಲ ಮನೆಯವರೂ ಸೇರಿ ಆ ತೀರ್ಮಾನವನ್ನು ಮಾಡಿಕೊಳ್ಳುವುದು. ಬಿರುಕು ಇಷ್ಟು ಸರಿದರೆ, ಅಥವಾ ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಪಾತ್ರೆಯಲ್ಲಿ ಹಿಡಿದ ಮಳೆ ಒಂದು ದಿನದಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ, ಯಾರನ್ನೂ ಕೇಳದೆ ಹೊರಡುವುದು ಎಂದು ಗೊತ್ತುಮಾಡಿಕೊಳ್ಳಿ. ಆ ಮಿತಿ ಜಾಗದಿಂದ ಜಾಗಕ್ಕೆ ಬೇರೆಯಾಗುವುದರಿಂದ ಅದನ್ನು ಭೂವಿಜ್ಞಾನಿಗಳಿಂದ ಕೇಳಿ ಪಡೆಯಬೇಕು. ಬಾಗಿಲು, ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಕಂಬಗಳು ವಾಲುವುದು, ಇಲ್ಲದ ಕಡೆ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು ಇವೆಲ್ಲ ಹೊರಡುವ ಸೂಚನೆಗಳೇ. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ತಟ್ಟನೆ ಇಳಿದರೆ ಮೇಲೆಲ್ಲೋ ಮಣ್ಣು ಕುಸಿದು ನೀರು ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು.

ಹೋಗುವ ದಾರಿ ಕೆಳಕ್ಕಲ್ಲ, ಅಡ್ಡಕ್ಕೆ. ಕೆಸರು, ಬಂಡೆ, ಮರಗಳ ಹರಿವು ಗಂಟೆಗೆ 50 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಬರಬಲ್ಲದು. ಅದರ ಮುಂದೆ ಓಡಿ ಗೆದ್ದವರಿಲ್ಲ. ಹಳ್ಳ, ಕೊರಕಲುಗಳಿಂದ ದೂರವಾಗಿ, ಪಕ್ಕದ ಎತ್ತರದ ಜಾಗಕ್ಕೆ ಹೋಗಬೇಕು. ಹಾಸಿಗೆ ಹಿಡಿದವರನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಹೆಸರು ಸಮೇತ ನಿರ್ಧಾರವಾಗಿರಬೇಕು, ಒಮ್ಮೆಯಾದರೂ ರಾತ್ರಿ ಹೊತ್ತು ಆ ದಾರಿಯಲ್ಲಿ ಎಲ್ಲರೂ ನಡೆದು ನೋಡಿರಬೇಕು. ಮೊದಲ ಕುಸಿತದ ಬಳಿಕ ಸಾಮಾನಿಗೆಂದು ಹಿಂದಿರುಗುವುದು ದೊಡ್ಡ ತಪ್ಪು. 2024ರ ಜುಲೈ 30ರಂದು ವಯನಾಡಿನಲ್ಲಿ ಆದದ್ದು ಒಂದೇ ಕುಸಿತವಲ್ಲ. ಜನ ನಿದ್ದೆಯಲ್ಲಿದ್ದಾಗ ಮೊದಲನೆಯದು, ಬೆಳಕು ಹರಿಯುವ ಮುನ್ನ ಮತ್ತೊಂದು.

ಜಾಗ ಬಿಡಬೇಕೇ ಎಂಬ ಪ್ರಶ್ನೆಗೆ ಈ ಮೇಜಿನಿಂದ ಉತ್ತರ ಕೊಡುವುದು ಬೇಜವಾಬ್ದಾರಿಯಾದೀತು. ಮಳೆಗಾಲದ ರಾತ್ರಿಗಳನ್ನು ಬೇರೆಡೆ ಕಳೆಯುವುದಕ್ಕೂ ಶಾಶ್ವತವಾಗಿ ಹೋಗುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ನೀವೇ ತೀರ್ಮಾನಿಸಬಹುದು, ಎರಡನೆಯದಕ್ಕೆ ತಜ್ಞರ ಸ್ಥಳ ಪರಿಶೀಲನೆ ಬೇಕು. ಇಂಥ ಇಳಿಜಾರಿನ ಜೊತೆಗೆ ಬದುಕಲು ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ಹಾಂಗ್‌ಕಾಂಗ್‌ನಲ್ಲಿ 1972ರ ಜೂನ್ 18ರ ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು 138 ಮಂದಿ ಸತ್ತರು. 1977ರಲ್ಲಿ ಅಲ್ಲಿನ ಆಡಳಿತ ಇಳಿಜಾರುಗಳಿಗೆಂದೇ ಕಚೇರಿ ತೆರೆಯಿತು. ಮನುಷ್ಯ ಕಡಿದ, ತುಂಬಿಸಿದ ಸುಮಾರು 60,000 ಇಳಿಜಾರುಗಳು ಇಂದು ಅಲ್ಲಿನ ದಾಖಲೆಯಲ್ಲಿವೆ. ಅಲ್ಲಿ ಆಗುವ ಕೆಲಸದಲ್ಲಿ ಬಹುಪಾಲು ಚರಂಡಿ ಸ್ವಚ್ಛಗೊಳಿಸುವುದು, ತಡೆಗೋಡೆಯ ನೀರುಕಿಂಡಿಗಳು ಕಟ್ಟಿಕೊಳ್ಳದಂತೆ ನೋಡುವುದು ಇಂಥ ಸಪ್ಪೆ ಕೆಲಸವೇ.

ಕಡೆಯದಾಗಿ, ನೀವು ಪತ್ರದಲ್ಲಿ ಹಾಗೇ ಹೇಳಿಬಿಟ್ಟ ಇಂಗುಗುಂಡಿಗಳ ಬಗ್ಗೆ. ಸಮತಟ್ಟಾದ ನೆಲದಲ್ಲಿ ಅವು ಒಳ್ಳೆಯವೇ. ಬಿರುಕಿನ ಮೇಲ್ಭಾಗದಲ್ಲಿ ಅವು ಜಾರುವ ಪದರಕ್ಕೆ ನೇರವಾಗಿ ನೀರು ಉಣಿಸುತ್ತವೆ. ಅಳತೆಯಲ್ಲಿ ಬಿರುಕು ನಿಶ್ಚಲವಾಗಿದ್ದರೆ, ಮಳೆಯಿಲ್ಲದ ಹಗಲಿನಲ್ಲಿ ಅವುಗಳನ್ನು ಜೇಡಿಮಣ್ಣು ತುಂಬಿ ಮುಚ್ಚಿಸಿ, ಬಿರುಕಿಗೂ ಜೇಡಿ ಮೆತ್ತಿ ಮೇಲೆ ಟಾರ್ಪಾಲು ಹಾಸಿ, ಮೇಲಿನಿಂದ ಹರಿದುಬರುವ ನೀರನ್ನು ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಿ. ಗೂಟಗಳ ಅಳತೆಯ ಪುಸ್ತಕದ ಒಂದು ನಕಲನ್ನು ಜಿಲ್ಲಾಡಳಿತಕ್ಕೆ ಲಿಖಿತ ಮನವಿಯ ಜೊತೆಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

— ಸಂಪಾದಕ