ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಊರಿನ ಪ್ಲಾನ್ ನೀರಿನಿಂದ ಶುರುವಾಗಲಿ

ಪ್ರಶ್ನೆ: ಮಾಸ್ಟ್ರೇ, ನಮ್ಮ ಕಾಸರಗೋಡು ಪೇಟೆ ಕಣ್ಣೆದುರೇ ಬದಲಾಗುತ್ತಿದೆ. ಹೈವೇ ಅಗಲವಾಯಿತು, ಗುಡ್ಡ ಕಡಿದು ಫ್ಲ್ಯಾಟ್ ಬರುತ್ತಿವೆ, ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಇಪ್ಪತ್ತು ವರ್ಷದ ನಂತರ ಊರು ಹೇಗಿರಬೇಕು ಅಂತ ಬರೆದುಕೊಡಿ, ವಾರ್ಡ್ ಸಭೆಯಲ್ಲಿ ಇಡೋಣ ಅಂತ ನಮ್ಮ ರೆಸಿಡೆನ್ಸ್ ಅಸೋಸಿಯೇಷನ್‌ನವರು ಹೇಳಿದ್ದಾರೆ. ನಾನು ಇದನ್ನೆಲ್ಲ ಓದಿದವಳಲ್ಲ. ಏನು ಬರೆಯಲಿ? ಬರೆದರೆ ಪ್ರಯೋಜನ ಉಂಟಾ?
— ಓದುಗರು, ವಿದ್ಯಾನಗರ

ಉತ್ತರ: ಉಂಟು, ಬರೆಯಲೇಬೇಕು. ಕೇರಳದಲ್ಲಿ 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಜನರೇ ಸೇರಿ ಯೋಜನೆ ಮಾಡುವ ಪದ್ಧತಿ, ಶುರುವಾದ ಮೇಲೆ ಯೋಜನೆಯ ಹಣದಲ್ಲಿ ದೊಡ್ಡ ಪಾಲು ಪಂಚಾಯತು, ನಗರಸಭೆಗಳಿಗೇ ಬರುತ್ತದೆ, ಆ ಹಣದಲ್ಲಿ ಏನಾಗಬೇಕು ಅಂತ ಹೇಳುವ ಜಾಗವೇ ವಾರ್ಡ್ ಸಭೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಆದರೆ ಜಾಸ್ತಿ ಜನ ಹೋಗುವುದು ಸಹಾಯಧನದ ಪಟ್ಟಿಯಲ್ಲಿ ಹೆಸರು ಉಂಟಾ ಅಂತ ನೋಡಲಿಕ್ಕೆ. ಇಡೀ ಊರಿನ ಮಾತು ಎತ್ತುವವರು ಕಮ್ಮಿ.

ನೀರಿನಿಂದ ಶುರು ಮಾಡಿ. ಪಾರ್ಕು, ಬಸ್ ಸ್ಟ್ಯಾಂಡ್ ಎಲ್ಲ ಆಮೇಲೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, 12 ನದಿಗಳಿವೆ, ಆದರೂ ಬೇಸಗೆಯಲ್ಲಿ ಟ್ಯಾಂಕರ್ ಕಾಯುತ್ತೇವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಮಳೆನೀರನ್ನು ಸ್ಪಂಜಿನ ಹಾಗೆ ಹೀರಿಕೊಂಡು, ನಿಧಾನಕ್ಕೆ ಬುಡದ ಬಾವಿಗೆ, ಸುರಂಗಕ್ಕೆ, ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಪಂಪ್ ಇಲ್ಲದೆ ನೀರು ಹರಿದು ಬರುವುದು ಇದರಿಂದಲೇ. ಆ ಗುಡ್ಡವನ್ನು ಜೆಸಿಬಿ ತಂದು ಸಪಾಟು ಮಾಡಿ, ಮೇಲೆ ಇಂಟರ್‌ಲಾಕ್ ಸಿಮೆಂಟ್ ಹಾಸು ಹಾಕಿದರೆ ನೀರು ಇಂಗುವುದು ಎಲ್ಲಿಗೆ? ಜೂನಿನ ಮಳೆ ಒಂದೇ ಸಲಕ್ಕೆ ತಗ್ಗಿನ ಮನೆಗಳಿಗೆ ನುಗ್ಗುತ್ತದೆ, ಮಾರ್ಚಿಗೆ ಬಾವಿ ಖಾಲಿ.

ಹಾಗಾಗಿ ಸುಮ್ನೆ 'ಹಸಿರು ನಗರ ಬೇಕು' ಅಂತ ಬರೆಯಬೇಡಿ, ಅದರಿಂದ ಯಾರಿಗೂ ಕೆಲಸ ಗೊತ್ತಾಗುವುದಿಲ್ಲ. ನಿಮ್ಮ ವಾರ್ಡಿನ ತೋಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಅದರ ಮೇಲೆ ಸ್ಲ್ಯಾಬ್ ಬಿದ್ದಿದೆ, ಯಾವ ಪಳ್ಳಕ್ಕೆ (ನೀರು ನಿಲ್ಲುವ ಹೊಂಡಕ್ಕೆ) ಮಣ್ಣು ತುಂಬಿದೆ, ಯಾವ ಗುಡ್ಡವನ್ನು ಇನ್ನು ಮುಟ್ಟಬಾರದು ಅಂತ ಬರೆಯಿರಿ, ಜೊತೆಗೆ ಸರ್ವೆ ನಂಬರನ್ನೂ ಹಾಕಿ. ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಕೂಟದಲ್ಲಿ ಈ ಮಾತು ತೆಗೆಯಿರಿ. ಮನೆಗೆ ನೀರು ಹೊಂದಿಸುವವರು ಹೆಂಗಸರೇ ಅಲ್ವಾ, ಯಾವ ಬಾವಿ ಯಾವ ತಿಂಗಳಿಗೆ ಬತ್ತುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿರುವುದಿಲ್ಲ. ಗದ್ದೆಗೆ ಮಣ್ಣು ಹಾಕುವುದು ಕಂಡರೆ ಕೃಷಿ ಇಲಾಖೆಯ ಕಚೇರಿಯಾದ ಕೃಷಿ ಭವನಕ್ಕೆ ಹೋಗಿ, ಆ ಜಾಗ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ, ಜೌಗು ಜಾಗಗಳ ಸರ್ಕಾರಿ ಪಟ್ಟಿಯಲ್ಲಿ, ಇದೆಯಾ ಅಂತ ಕೇಳಿ. ಗದ್ದೆ, ಜೌಗು ಜಾಗಗಳನ್ನು ಉಳಿಸಲು 2008ರಿಂದಲೇ ಕಾನೂನು ಇದೆ.

ಪೇಟೆಯ ಗಡಿಯೊಳಗೆ ಮಾತ್ರ ಯೋಚಿಸಿದರೂ ಸಾಲದು. ನಮ್ಮ ನಳ್ಳಿಗೆ ಬರುವುದು ಪಯಸ್ವಿನಿಯ ನೀರು. ಕೊಡಗಿನ ಬೆಟ್ಟದಿಂದ ಇಳಿದು, ಸುಳ್ಯ ದಾಟಿ, ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುವ ಹೊಳೆ ಅದು. ಹರಿವು ಕಮ್ಮಿಯಾದಾಗ ಕಡಲಿನ ನೀರು ಮೇಲೇರಿ, ಎಷ್ಟೋ ಬೇಸಗೆಯಲ್ಲಿ ನಳ್ಳಿಯಲ್ಲಿ ಉಪ್ಪುನೀರು ಬಂದದ್ದು ನಿಮಗೂ ನೆನಪಿರಬಹುದು. ಬಾವಿಕ್ಕೆರೆಯಲ್ಲಿ ಹೊಳೆಗೆ ಅಡ್ಡಲಾಗಿ ಶಾಶ್ವತ ತಡೆ ಅಣೆಕಟ್ಟು ಆಗುವವರೆಗೆ ಜನ ಅದನ್ನು ಸಹಿಸಿದ್ದಾರೆ. ನಮ್ಮ ಜಿಲ್ಲೆಯದೇ ಏತಡ್ಕದ ಕಡೆ ಕೃಷಿಕರು ಮಳೆ ನಿಂತ ಮೇಲೆ ತೋಡಿಗೆ ಸಾಲಾಗಿ ಕಟ್ಟ (ಒಡ್ಡು) ಹಾಕಿ ನೀರು ನಿಲ್ಲಿಸುತ್ತಾರೆ, ಸುತ್ತಲಿನ ಬಾವಿಗಳಿಗೂ ಅದರಿಂದ ಜೀವ ಬರುತ್ತದೆ. ಪೇಟೆಯ ತೋಡಿನಲ್ಲೂ ಇದು ಸಾಧ್ಯ. ಆದರೆ ಮೊದಲು ಅದಕ್ಕೆ ಕೊಳಚೆ ಬಿಡುವುದು ನಿಲ್ಲಬೇಕು. ನಿಮ್ಮ ಕಾಗದದ ಮೊದಲ ಬೇಡಿಕೆ ಇದೇ ಆಗಲಿ ಅಂತ ನನ್ನ ಆಸೆ.

ಪ್ರಶ್ನೆ: ಸಭೆಯ ಕಾಗದ ಎಲ್ಲ ಮಲಯಾಳದಲ್ಲಿ ಬರುತ್ತದೆ, ಓದಲಿಕ್ಕೆ ಕಷ್ಟ. ಕನ್ನಡದಲ್ಲಿ ಬರೆದುಕೊಟ್ಟರೆ ತೆಗೆದುಕೊಳ್ಳುತ್ತಾರಾ?
— ಓದುಗರು, ನೆಲ್ಲಿಕುಂಜೆ

ಉತ್ತರ: ತೆಗೆದುಕೊಳ್ಳಬೇಕು. ಕಾಸರಗೋಡಿನ ಕನ್ನಡಿಗರು ಇಲ್ಲಿನ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತದೆ. ಊರು ಮುಂದೆ ಹೇಗೆ ಬೆಳೆಯಬೇಕು ಅಂತ ತೋರಿಸುವ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗಲೂ ಹೀಗೆಯೇ, ಆಕ್ಷೇಪ, ಸಲಹೆಗಳನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಕೊನೆಯ ದಿನಾಂಕ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಅದು ದಾಟಿದರೆ ಕಷ್ಟ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಂಡೇ ಹೊರಡಿ.