ಜಿ3ಕ್ಕೆ ಬರೆದದ್ದು ಸಿ7ರಲ್ಲಿ ಏಕೆ ಕುಳಿತಿದೆ?

ಸಿ ಪ್ಲಸ್ ಪ್ಲಸ್‌ನಿಂದ ಐಡಿಸ್ಪ್ಯಾಚ್ (ಬೇರೆ ಪ್ರೋಗ್ರಾಂನ ಕೆಲಸಗಳನ್ನು ಹೆಸರು ಹೇಳಿ ಕರೆಯುವ ವಿಂಡೋಸ್ ಇಂಟರ್‌ಫೇಸ್) ಮೂಲಕ ಎಕ್ಸೆಲ್ ನಡೆಸುತ್ತಿದ್ದೀರಿ. ಮೂರನೆಯ ಸಾಲಿನ ಏಳನೆಯ ಕಾಲಂನಲ್ಲಿ ಬರೆಯಲು ಹೇಳಿದರೆ ಅಂಕಿ ಅಲ್ಲಿ ಕಾಣುವುದಿಲ್ಲ, ದೋಷವೂ ಬರುವುದಿಲ್ಲ ಎಂದಿದ್ದೀರಿ. ಒಮ್ಮೆ ಸಿ7ರಲ್ಲಿ ನೋಡಿ. ಜಿ3ಕ್ಕೆ ಹೋಗಬೇಕಾದದ್ದು ಅಲ್ಲಿರುತ್ತದೆ.

ಐಡಿಸ್ಪ್ಯಾಚ್‌ನಲ್ಲಿ ಕರೆ ಮಾಡುವುದು ಇನ್ವೋಕ್ ಎಂಬ ಫಂಕ್ಷನ್. ಅದಕ್ಕೆ ಕೊಡುವ ಡಿಸ್ಪ್‌ಪ್ಯಾರಮ್ಸ್‌ನಲ್ಲಿ, ಅಂದರೆ ಆರ್ಗ್ಯುಮೆಂಟುಗಳ ಅರೇ ಇರುವ ಕಟ್ಟಿನಲ್ಲಿ, ಅವನ್ನು ಹಿಂದುಮುಂದಾಗಿ ತುಂಬಬೇಕು. ಸೆಲ್ಸ್‌ನ ಐಟಂ ಪ್ರಾಪರ್ಟಿ ಮೊದಲು ಸಾಲನ್ನು, ಆಮೇಲೆ ಕಾಲಂ ಅನ್ನು ಕೇಳುತ್ತದೆ. ಹಾಗಾಗಿ ಅರೇಯ ಸೊನ್ನೆಯಲ್ಲಿ 7, ಒಂದರಲ್ಲಿ 3. ನೀವು ನೇರ ಕ್ರಮದಲ್ಲಿ ತುಂಬಿದ್ದರೆ ಅದು ಏಳನೆಯ ಸಾಲು, ಮೂರನೆಯ ಕಾಲಂ ಎಂದಾಗುತ್ತದೆ. ಎರಡೂ ಪೂರ್ಣಾಂಕಗಳಾದ್ದರಿಂದ ಎಕ್ಸೆಲ್‌ಗೆ ಯಾವ ಅನುಮಾನವೂ ಬರುವುದಿಲ್ಲ.

ಇದೇ ಹಳ್ಳಕ್ಕೆ ಬಿದ್ದು ಎರಡು ದಿನ ಕಳೆದುಕೊಂಡವನು ನಾನು. ಪರೀಕ್ಷೆಗೆಂದು ಎ1ರಲ್ಲಿ ಬರೆದೆ, ಬಿ2ರಲ್ಲಿ ಬರೆದೆ, ಎರಡೂ ಸರಿ. 1, 1 ಅನ್ನು ತಿರುವಿದರೂ 1, 1 ತಾನೆ! ನೆಮ್ಮದಿಯಿಂದ ಮನೆಗೆ ಹೋದೆ. ಮರುದಿನ ಸಂಬಳದ ಪಟ್ಟಿ ತೆಗೆದರೆ ಇಡೀ ಪಟ್ಟಿ ಮಗ್ಗುಲಾಗಿ ಮಲಗಿತ್ತು. ಒಬ್ಬೊಬ್ಬರ ಹೆಸರೂ ಒಂದೊಂದು ಕಾಲಂ ಹಿಡಿದಿತ್ತು.

ಮುಂದಿನ ಮೆಟ್ಟಿಲಲ್ಲೂ ಎಡವುವ ಸಾಧ್ಯತೆ ಇದೆ, ಈಗಲೇ ಹೇಳಿಬಿಡುತ್ತೇನೆ. ಸೆಲ್ ಸಿಕ್ಕ ಮೇಲೆ ವ್ಯಾಲ್ಯೂ ಬರೆಯುವಾಗ ಪ್ರಾಪರ್ಟಿ ಪುಟ್ (ಇದು ಓದಲು ಅಲ್ಲ, ಬರೆಯಲು) ಎಂಬ ಗುರುತು ಮಾತ್ರ ಸಾಲದು. ಹೊಸ ಮೌಲ್ಯವನ್ನು ಹೆಸರುಳ್ಳ ಆರ್ಗ್ಯುಮೆಂಟ್ ಎಂದು ತೋರಿಸಿ, ಅದರ ಡಿಸ್ಪ್‌ಐಡಿ (ಹೆಸರಿನ ಬದಲು ಬಳಸುವ ಸಂಖ್ಯೆ) -3 ಎಂದು ಕೊಡಬೇಕು. ವಿಷುಯಲ್ ಬೇಸಿಕ್‌ನಲ್ಲಿ ‘ಆಸ್ ಆಬ್ಜೆಕ್ಟ್’ ಎಂದು ಬರೆದು ಕೆಲಸ ಮುಗಿಸುವವರಿಗೆ ಈ ತಲೆನೋವು ಗೊತ್ತೇ ಆಗುವುದಿಲ್ಲ. ಇದನ್ನೆಲ್ಲ ಆ ಭಾಷೆಯೇ ತೆರೆಮರೆಯಲ್ಲಿ ಮಾಡಿಕೊಡುತ್ತದೆ.

ಕಂಪೈಲರ್ ಏಕೆ ಎಚ್ಚರಿಸಲಿಲ್ಲ ಎಂದೂ ಕೇಳಿದ್ದೀರಿ. ಅದರ ಕಣ್ಣಿಗೆ ನಿಮ್ಮ ‘ಐಟಂ’ ಬರೀ ಅಕ್ಷರಗಳ ಸಾಲು. ಪ್ರೋಗ್ರಾಂ ಓಡುವಾಗ ಗೆಟ್‌ಐಡೀಸ್‌ಆಫ್‌ನೇಮ್ಸ್ ಎಂಬ ಫಂಕ್ಷನ್ ಆ ಹೆಸರನ್ನು ಒಂದು ಸಂಖ್ಯೆಯಾಗಿ, ಅಂದರೆ ಡಿಸ್ಪ್‌ಐಡಿಯಾಗಿ, ಬದಲಿಸುತ್ತದೆ, ಆ ಸಂಖ್ಯೆ ಹಿಡಿದು ಇನ್ವೋಕ್ ಮೆಥಡ್ ಅನ್ನು ಕರೆಯುತ್ತದೆ. ಹೆಸರು ತಪ್ಪಿದ್ದರೆ ‘ಈ ಹೆಸರು ಗೊತ್ತಿಲ್ಲ’ ಎಂಬ ದೋಷ, 0x80020006, ಬರುತ್ತದೆ, ಅದೂ ಆ ಸಾಲು ಓಡಿದಾಗ ಮಾತ್ರ. ಆದರೂ ಬೇರೆ ಬೇರೆ ಆವೃತ್ತಿಯ ಎಕ್ಸೆಲ್ ಇರುವ ಗ್ರಾಹಕರಿಗೆ ಒಂದೇ ಪ್ರೋಗ್ರಾಂ ಕೊಡಬೇಕಾದರೆ ನಾನು ಹೀಗೆ ಓಡುವಾಗಲೇ ಹೆಸರು ಹುಡುಕುವ ಲೇಟ್ ಬೈಂಡಿಂಗ್ ಅನ್ನೇ ಆರಿಸಿಕೊಳ್ಳುತ್ತೇನೆ.

ವೇಗದ ಬಗ್ಗೆ ಒಂದು ಮಾತು. ಆ ಆಬ್ಜೆಕ್ಟ್ ಬದುಕಿರುವವರೆಗೆ ಡಿಸ್ಪ್‌ಐಡಿ ಬದಲಾಗುವುದಿಲ್ಲ, ಒಮ್ಮೆ ಕೇಳಿ ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡ ಹೊರೆ ಬೇರೆ ಕಡೆ ಇದೆ: ಎಕ್ಸೆಲ್ ಬೇರೆಯದೇ ಪ್ರೋಸೆಸ್ (ನಿಮ್ಮ ಪ್ರೋಗ್ರಾಂನಿಂದ ಪ್ರತ್ಯೇಕವಾಗಿ ಓಡುವಂಥದ್ದು), ಪ್ರತಿ ಕರೆಯೂ ಆ ಗಡಿ ದಾಟಿ ಹೋಗಿಬರಬೇಕು. ಸಾವಿರಾರು ಸೆಲ್‌ಗಳಿದ್ದರೆ ಒಂದೊಂದಾಗಿ ಬರೆಯಲು ಹೋಗಬೇಡಿ. ಎರಡು ಆಯಾಮದ ಸೇಫ್‌ಅರೇ (ಇಂಥ ಕರೆಗಳಲ್ಲಿ ಸಾಗಿಸಬಹುದಾದ ಅರೇ) ತುಂಬಿ, ಇಡೀ ರೇಂಜ್‌ನ ವ್ಯಾಲ್ಯೂಗೆ ಒಂದೇ ಸಲ ಕೊಡಿ. ಅದನ್ನು ತುಂಬುವ ಸೇಫ್‌ಅರೇಪುಟ್‌ಎಲಿಮೆಂಟ್ ಫಂಕ್ಷನ್‌ಗೆ ಮಾತ್ರ ಸಾಲು ಮೊದಲು, ಕಾಲಂ ಆಮೇಲೆ. ಅಲ್ಲಿ ತಿರುವಬೇಡಿ.