ಬೈಲಕುಪ್ಪೆಯಲ್ಲಿ ಗೋಲ್ಡನ್ ಟೆಂಪಲ್ ಒಂದನ್ನೇ ನೋಡಿ ಬಂದರೆ ಸಾಕಾ? ಉಳಿದ ಮಠಗಳೂ ಅದೇ ತರ ತಾನೇ?

ಮನೆಯವರ ಜೊತೆ ಒಂದು ದಿನಕ್ಕೆ ಹೋಗುತ್ತಿದ್ದೀರಿ, ಗೋಲ್ಡನ್ ಟೆಂಪಲ್ ನೋಡಿದರೆ ಮುಗಿಯಿತಾ ಅಂತ ಕೇಳಿದ್ದೀರಿ. ಅಷ್ಟು ಚಿಕ್ಕ ಜಾಗದಲ್ಲಿ ಟಿಬೆಟನ್ನರ ಅಷ್ಟೊಂದು ಮಠ ಯಾಕೆ ಅಂತಲೂ ಕೇಳಿದ್ದೀರಿ. ಎರಡನೆಯದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಮೊದಲನೆಯದಕ್ಕೆ ಉತ್ತರ ನಿಮಗೇ ಸಿಗುತ್ತದೆ.

ನಾನು ಪಿರಿಯಾಪಟ್ಟಣ ಕಡೆಯವನು. ಚಿಕ್ಕಂದಿನಿಂದ ಈ ಜಾಗವನ್ನು ‘ಕ್ಯಾಂಪ್’ ಅಂತಲೇ ಕರೆದು ಅಭ್ಯಾಸ. ಕುಶಾಲನಗರದಲ್ಲಿ ಆಟೋದವರಿಗೆ ‘ಕ್ಯಾಂಪಿಗೆ ಬರ್ತೀರಾ’ ಅಂದರೆ, ‘ಎಷ್ಟನೇ ಕ್ಯಾಂಪು’ ಅಂತ ತಿರುಗಿ ಕೇಳುತ್ತಾರೆ. ಕೊಡಗು ಪ್ರವಾಸಕ್ಕೆ ಬಂದವರು ಇದನ್ನೂ ನೋಡಿಕೊಂಡು ಹೋಗುವುದರಿಂದ ಎಷ್ಟೋ ಜನ ಇದು ಕೊಡಗು ಅಂದುಕೊಂಡಿದ್ದಾರೆ. ಕಾವೇರಿಯ ಆಚೆ ದಡ ಕುಶಾಲನಗರ, ಅದು ಕೊಡಗು. ಈಚೆ ದಡದ ಬೈಲಕುಪ್ಪೆ ಮೈಸೂರು ಜಿಲ್ಲೆ, ನಮ್ಮ ತಾಲ್ಲೂಕು.

1959ರಲ್ಲಿ ದಲೈ ಲಾಮಾ ಟಿಬೆಟ್ಟಿನ ರಾಜಧಾನಿ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಅವರಿಗೆ ನೆಲೆ ಕೊಡಿ ಅಂತ ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿತು. ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1961ರಲ್ಲಿ ಮೊದಲ ವಸಾಹತು ಶುರುವಾಯಿತು, 1969ರಲ್ಲಿ ಪಕ್ಕದಲ್ಲೇ ಇನ್ನೊಂದು. ಈಗ ನೀವು ನೋಡುವ ಮುಸುಕಿನ ಜೋಳದ ಹೊಲಗಳ ಜಾಗದಲ್ಲಿ ಆಗ ಇದ್ದದ್ದು ಕಾಡು, ಆನೆ. ಹಿಮದ ನಾಡಿನಿಂದ ಬಂದವರು ಈ ಸೆಕೆಯಲ್ಲಿ ಮರ ಕಡಿದು, ಬೇರು ಕಿತ್ತು, ನೆಲ ಹದ ಮಾಡಿದರು.

ಹಾಗೆ ಬಂದವರು ಒಂದೇ ಊರಿನವರಲ್ಲ, ಒಂದೇ ಮಠದ ಶಿಷ್ಯರೂ ಅಲ್ಲ. ಇಲ್ಲೇ ನೋಡಿ ನಮ್ಮವರು ಎಡವುವುದು. ನಮ್ಮಲ್ಲಿ ಶೃಂಗೇರಿ ಇದೆ, ಉಡುಪಿಯ ಅಷ್ಟಮಠಗಳಿವೆ, ಸುತ್ತೂರು ಇದೆ. ಒಂದೊಂದಕ್ಕೂ ಗುರುಪರಂಪರೆ ಬೇರೆ, ಪಾಠ ಬೇರೆ, ಪೂಜೆಯ ಕ್ರಮ ಬೇರೆ. ಇವೆಲ್ಲ ಯಾವುದೋ ಕಷ್ಟಕ್ಕೆ ಸಿಕ್ಕಿ ಊರು ಬಿಟ್ಟು, ಎಲ್ಲೋ ದೂರದ ಒಂದು ತಾಲ್ಲೂಕಿನಲ್ಲಿ ಅಕ್ಕಪಕ್ಕ ಜಾಗ ಹಿಡಿದು ಮತ್ತೆ ಶುರು ಮಾಡಿದವು ಅಂತ ಯೋಚಿಸಿ. ಬೈಲಕುಪ್ಪೆಯಲ್ಲಿ ಆಗಿರುವುದು ಅದೇ.

ಟಿಬೆಟ್ಟಿನ ಬೌದ್ಧರಲ್ಲಿ ದೊಡ್ಡ ಪರಂಪರೆಗಳು ನಾಲ್ಕು: ನ್ಯಿಂಗ್ಮಾ, ಕಗ್ಯು, ಸಾಕ್ಯ, ಗೆಲುಗ್. ನಾಲ್ಕಕ್ಕೂ ಇಲ್ಲಿ ನೆಲೆ ಇದೆ. ಟಿಬೆಟ್ಟಿನಲ್ಲಿ ಸೆರಾ ಮಠ ಲಾಸಾ ಪಕ್ಕ ಇತ್ತು. ದಲೈ ಲಾಮಾ ನಂತರದ ದೊಡ್ಡ ಗುರು ಪಂಚೆನ್ ಲಾಮಾ ಅವರ ಪೀಠವಾದ ತಾಶಿ ಲ್ಹುನ್ಪೊ, ಶಿಗಾಟ್ಸೆಯಲ್ಲಿ. ಪಾಲ್ಯುಲ್ ಮಠ ಪೂರ್ವದ ಖಾಮ್ ಸೀಮೆಯಲ್ಲಿ, ವಾರಗಟ್ಟಲೆ ನಡೆಯುವಷ್ಟು ದೂರ. ಇವತ್ತು ಈ ಮೂರೂ ಮಠಗಳ ಇಲ್ಲಿನ ನೆಲೆಗಳನ್ನು ಒಂದೇ ಆಟೋದಲ್ಲಿ ಒಂದು ಮಧ್ಯಾಹ್ನ ನೋಡಿ ಮುಗಿಸಬಹುದು. ಅದಕ್ಕೇ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಮಠ.

ಈಗ ಗೋಲ್ಡನ್ ಟೆಂಪಲ್. ಅದು ಇರುವುದು ಪಾಲ್ಯುಲ್ ಮಠದವರು ಇಲ್ಲಿ ಕಟ್ಟಿದ ನಾಮ್ಡ್ರೋಲಿಂಗ್ ಮಠದ ಒಳಗೆ. ನ್ಯಿಂಗ್ಮಾ ಪರಂಪರೆಯ ಪೆನೊರ್ ರಿಂಪೊಚೆ 1963ರಲ್ಲಿ ಇದನ್ನು ಕಟ್ಟಲು ಶುರು ಮಾಡಿದಾಗ ಇದ್ದದ್ದು ಬಿದಿರಿನ ಒಂದು ಪುಟ್ಟ ಗುಡಿ, ಬೆರಳೆಣಿಕೆಯ ಸನ್ಯಾಸಿಗಳು. ಅವರು ಕಟ್ಟಿಕೊಂಡು ಹೊರಟಿದ್ದ ದೊಡ್ಡ ಗುಂಪಿನಲ್ಲಿ ಭಾರತ ಮುಟ್ಟಿದ್ದು ಕೆಲವೇ ಜನ. ಈಗಿನ ಚಿನ್ನದ ಲೇಪದ ಮೂರ್ತಿಗಳಿರುವ ದೇವಾಲಯ ಉದ್ಘಾಟನೆಯಾಗಿದ್ದು 1999ರಲ್ಲಿ. ನಡುವೆ 60 ಅಡಿಯ ಬುದ್ಧ. ಎರಡು ಕಡೆ 58 ಅಡಿಯ ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧನಾದ ಅಮಿತಾಯುಸ್. ಪದ್ಮಸಂಭವರಿಗೆ ಯಾಕೆ ಅಷ್ಟು ದೊಡ್ಡ ಸ್ಥಾನ? ಎಂಟನೇ ಶತಮಾನದಲ್ಲಿ ಭಾರತದ ಕಡೆಯಿಂದ ಹೋಗಿ ಟಿಬೆಟ್ಟಿನಲ್ಲಿ ಬೌದ್ಧ ಧರ್ಮವನ್ನು ನೆಲೆಗೊಳಿಸಿದ ಗುರು ಅವರು. ನ್ಯಿಂಗ್ಮಾದವರಿಗೆ ಮೂಲಗುರು. ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ. ತೆಳು ಮೀಸೆ, ಅಗಲ ಬಿಟ್ಟ ಕಣ್ಣು. ಪಕ್ಕದ ಬುದ್ಧನ ಅರೆಮುಚ್ಚಿದ ಕಣ್ಣಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ, ಎದುರಿಗೆ ನಿಂತಾಗ ಗೊತ್ತಾಗುತ್ತದೆ.

ಅಲ್ಲಿಂದ ಸೆರಾ ಮಠಕ್ಕೆ ಹೋಗಿ. ದಯವಿಟ್ಟು ಹೋಗಿ. ಪ್ರವಾಸಿ ಬಸ್ಸುಗಳು ಇಲ್ಲಿಗೆ ಕಡಿಮೆ.

ಸೆರಾ 1419ರಲ್ಲಿ ಲಾಸಾ ಪಕ್ಕ ಹುಟ್ಟಿದ ಮಠ, ಗೆಲುಗ್ ಪರಂಪರೆಯದು. ಅಲ್ಲಿಂದ ತಪ್ಪಿಸಿಕೊಂಡು ಬಂದ ಸನ್ಯಾಸಿಗಳು ಮೊದಲು ಸುಮಾರು ಹತ್ತು ವರ್ಷ ಬಂಗಾಳದ ಬಕ್ಸಾ ಕೋಟೆಯಲ್ಲಿದ್ದರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಅಲ್ಲಿ ಕ್ಷಯ ಬಂದು ಎಷ್ಟೋ ಜನ ತೀರಿಕೊಂಡರು. 1970ರಲ್ಲಿ ಇಲ್ಲಿಗೆ ಬಂದವರು ಸುಮಾರು 300 ಜನ. ಈಗ ಸೆರಾ ಜೆ, ಸೆರಾ ಮೇ ಅಂತ ಎರಡು ವಿದ್ಯಾಲಯಗಳು ಸೇರಿ ಅದೇ ಒಂದು ಊರಿನಷ್ಟಾಗಿದೆ. ಒಳಗೆ ಗದ್ದುಗೆಯ ಮೇಲೆ ಹಳದಿ ಮೊನೆ ಟೋಪಿಯ, ಗೆಲುಗ್ ಪರಂಪರೆ ಶುರು ಮಾಡಿದ ಗುರು ತ್ಸೊಂಗ್‌ಖಾಪಾ, ಅಕ್ಕಪಕ್ಕ ಇಬ್ಬರು ಶಿಷ್ಯರು. ನಾಮ್ಡ್ರೋಲಿಂಗ್‌ನಲ್ಲಿ ಪದ್ಮಸಂಭವ, ಇಲ್ಲಿ ತ್ಸೊಂಗ್‌ಖಾಪಾ. ಮಠ ಬೇರೆ ಅಂತ ಗುರುತಿಸಲು ಹೊಸಬರಿಗೆ ಇದು ಸುಲಭದ ದಾರಿ.

ಸೆರಾದಲ್ಲಿ ನೋಡಬೇಕಾದ್ದು ಅಂಗಳದ ತರ್ಕ. ನಾನು ಮೊದಲ ಸಲ ನೋಡಿದಾಗ ಜಗಳ ಅಂದುಕೊಂಡಿದ್ದೆ. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಕೇಳುವವನು. ಶುರುವಿಗೇ ‘ಧೀಃ’ ಅಂತ ಕೂಗುತ್ತಾನೆ. ಅದು ಬೌದ್ಧರಲ್ಲಿ ಪ್ರಜ್ಞೆಯ ಬೋಧಿಸತ್ವನಾದ ಮಂಜುಶ್ರೀಯ ಬೀಜಾಕ್ಷರ. ಧೀ ಅಂದರೆ ಬುದ್ಧಿ, ನಮಗೂ ಗೊತ್ತಿರುವ ಪದವೇ ಅಲ್ವಾ. ಪ್ರಶ್ನೆ ಮುಗಿಯುತ್ತಿದ್ದ ಹಾಗೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈ ಮೇಲೆ ಚಟ್ ಅಂತ ಹೊಡೆಯುತ್ತಾನೆ. ಆಮೇಲೆ ಎಡಗೈ ಮುಂದೆ ಚಾಚಿಕೊಂಡು, ಬಲಗೈ ಹಿಂದಕ್ಕೆ ಎಳೆದು, ತೋಳಿನ ಜಪಮಾಲೆಯನ್ನು ಮೇಲಕ್ಕೆ ಸರಿಸುತ್ತಾನೆ. ಚಾಚಿದ ಕೈ ದುರ್ಗತಿಯ ಬಾಗಿಲು ಮುಚ್ಚುವುದು, ಹಿಂದೆ ಎಳೆಯುವ ಕೈ ಜೀವಗಳನ್ನು ಮೇಲೆತ್ತುವುದು ಅಂತ ಅರ್ಥ ಹೇಳುತ್ತಾರೆ. ಕೂತವನು ತನ್ನ ಮಾತಿಗೆ ತಾನೇ ವಿರುದ್ಧವಾಗಿ ಏನಾದರೂ ಹೇಳಿಬಿಟ್ಟರೆ ‘ತ್ಸಾ’ ಅಂತ ಕೂಗು ಬೀಳುತ್ತದೆ. ಒಂದೇ ಅಂಗಳದಲ್ಲಿ ಎಷ್ಟೋ ಜೋಡಿ ಒಟ್ಟಿಗೆ ಹೀಗೆ ಚಪ್ಪಾಳೆ ಹೊಡೆಯುತ್ತಿದ್ದರೆ ಒಣಗಿದ ಛಾವಣಿ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳಿಸುತ್ತದೆ. ಅವತ್ತು ನನ್ನ ಎದುರಿಗೆ ಕೂತಿದ್ದ ಹುಡುಗನಿಗೆ ಹನ್ನೆರಡು ವರ್ಷ ಇರಬಹುದು. ನಿಂತವನು ಅವನಿಗಿಂತ ದೊಡ್ಡವನು. ಹುಡುಗ ಒಂದು ಕ್ಷಣವೂ ಕಣ್ಣು ಕೆಳಗೆ ಮಾಡಲಿಲ್ಲ. ಯೋಚಿಸಿ, ಒಂದೊಂದೇ ಪದ ಉತ್ತರ ಕೊಟ್ಟ. ಕೊನೆಗೆ ದೊಡ್ಡವನೇ ನಕ್ಕು ಪಕ್ಕದಲ್ಲಿ ಕೂತ.

ಈ ತರ್ಕಕ್ಕೆ ಮುಖ್ಯ ಆಧಾರ ಏಳನೇ ಶತಮಾನದ ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಭಾರತದಲ್ಲಿ ಸಂಸ್ಕೃತದಲ್ಲಿ ಬರೆದದ್ದು. ನಮ್ಮಲ್ಲಿ ಅದನ್ನು ಓದುವವರೇ ಕಡಿಮೆಯಾದಾಗಲೂ ಟಿಬೆಟ್ಟಿನ ಮಠಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಲೇ ಇದ್ದರು. ಈ ಓದಿನ ದೊಡ್ಡ ಪದವಿಯಾದ ಗೆಶೆ ಸಿಗಬೇಕಾದರೆ ಹದಿನೈದು ಇಪ್ಪತ್ತು ವರ್ಷದ ಓದು ಬೇಕು.

ಇನ್ನೊಂದು ಸಂಗತಿ ಹೇಳಲೇಬೇಕು. ಒಂದು ಸಲ ಮಠದ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದೆ. ಒಳಗಿನಿಂದ ಮಕ್ಕಳ ದನಿ: ‘ಕ, ಖ, ಗ, ಙ’. ಸುಮ್ನೆ ನಿಂತುಬಿಟ್ಟೆ. ನಮ್ಮ ಅಕ್ಷರಮಾಲೆಯನ್ನೇ ಯಾರೋ ಹೇಳಿಕೊಡುತ್ತಿದ್ದಾರೆ ಅನ್ನಿಸಿತು. ಟಿಬೆಟನ್ ಅಕ್ಷರಮಾಲೆ ಶುರುವಾಗುವುದೇ ಹಾಗೆ. ಆ ಲಿಪಿಯ ಬೇರು ಇರುವುದು ಭಾರತದ ಲಿಪಿಗಳಲ್ಲೇ. ಅದರಲ್ಲಿ ನಮ್ಮ ‘ಘ’ ಇಲ್ಲ, ಗ ಆದಮೇಲೆ ನೇರ ಙ. ಶಾಲೆ ಬಿಟ್ಟ ಮೇಲೆ ನಾವು ಒಂದು ಸಲವೂ ಉಚ್ಚರಿಸದ ಆ ಙ ಅವರಿಗೆ ದಿನದ ಮಾತಿನ ಅಕ್ಷರ. ಐದಕ್ಕೆ ‘ಙ’ ಅಂತಲೇ ಅನ್ನುತ್ತಾರೆ.

ರಸ್ತೆಯುದ್ದಕ್ಕೂ ಕಟ್ಟಿರುವ ಬಾವುಟಗಳನ್ನೂ ಗಮನಿಸಿ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ನಮ್ಮ ಪಂಚಭೂತಗಳೇ.

ಹೋಗುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ: ಅದು ಅವರ ಮನೆ, ಶಾಲೆ, ಪೂಜೆಯ ಜಾಗ ಮೂರೂ ಹೌದು. ಪೂಜೆ ನಡೆಯುವಾಗ ಪುಟ್ಟ ಸನ್ಯಾಸಿಗಳ ಮುಖದ ಹತ್ತಿರ ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ. ನಮ್ಮ ಮಕ್ಕಳು ಪಾಠ ಓದುವಾಗ ಯಾರಾದರೂ ಹಾಗೆ ಮಾಡಿದರೆ ಸುಮ್ಮನಿರುತ್ತೀವಾ? ಫೋಟೋ ಬೇಕಿದ್ದರೆ ಕೇಳಿ. ಕನ್ನಡದಲ್ಲೇ ಕೇಳಿ, ಇಲ್ಲಿ ಹುಟ್ಟಿ ಬೆಳೆದ ಬಹಳ ಜನರಿಗೆ ಕನ್ನಡ ಬರುತ್ತದೆ. ಮಠದ ಸುತ್ತ, ಪ್ರಾರ್ಥನಾ ಚಕ್ರಗಳ ಪಕ್ಕ ನಡೆಯುವಾಗ ನಮ್ಮ ದೇವಸ್ಥಾನದ ಪ್ರದಕ್ಷಿಣೆಯ ಹಾಗೆ ಅವನ್ನು ಬಲಗಡೆಗೆ ಇಟ್ಟುಕೊಂಡು ನಡೆಯಿರಿ. ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ, ನಮ್ಮ ಕಾಲಿಗೆ ಅಭ್ಯಾಸ ಇರುವುದೇ.

ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಮಡಿಕೇರಿ ಬಸ್ಸು ಹತ್ತಿದರೆ ಕುಶಾಲನಗರಕ್ಕಿಂತ ಮೊದಲೇ ಬೈಲಕುಪ್ಪೆ ಸಿಗುತ್ತದೆ. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್ ಇರುವವರು ಯಾರಾದರೂ ಬರುತ್ತಿದ್ದು, ಕ್ಯಾಂಪಿನಲ್ಲೇ ರಾತ್ರಿ ಉಳಿಯುವ ಯೋಚನೆ ಇದ್ದರೆ ‘ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್’ ಮೊದಲೇ ಮಾಡಿಸಬೇಕು. ನಮಗೆ ಅದು ಬೇಡ. ಒಂದೇ ದಿನ ಇರುವುದಾದರೆ ಬೆಳಿಗ್ಗೆ ನಾಮ್ಡ್ರೋಲಿಂಗ್, ಮಧ್ಯಾಹ್ನ ಅಲ್ಲೇ ಎಲ್ಲಾದರೂ ಬಿಸಿ ತುಕ್ಪಾ (ಟಿಬೆಟನ್ನರ ನೂಡಲ್ಸ್ ಸೂಪು) ಕುಡಿದು ತಾಶಿ ಲ್ಹುನ್ಪೊ. ಸಂಜೆಯನ್ನು ಮಾತ್ರ ಸೆರಾಕ್ಕೆ ಇಟ್ಟುಕೊಳ್ಳಿ. ಅವತ್ತು ತರ್ಕ ಇದೆಯಾ, ಎಷ್ಟು ಹೊತ್ತಿಗೆ ಅಂತ ದಾರಿಯಲ್ಲಿ ಸಿಗುವ ಯಾವ ಸನ್ಯಾಸಿಯನ್ನು ಕೇಳಿದರೂ ಹೇಳುತ್ತಾರೆ.